ಮೂರು ತಂತಿ ಚಳ್ಳಕೆರೆ, ಮೂರು ತಂತಿ ಮೊಳಕಾಲ್ಮೂರು

ಚಳ್ಳಕೆರೆಗೆ ಬಂದ ಒಂಬತ್ತನೇ ದಿನ ನನ್ನ ಗಿಟಾರಿಗೆ ಹಲ್ಲು ಬಂದವು.

ತಮಾಷೆ ಮಾಡುತ್ತಿಲ್ಲ. ಬೆಳಿಗ್ಗೆ ಚಿಕ್ಕಮ್ಮ ಕೊಟ್ಟ ಕಾಫಿ ಮುಗಿಸಿ, ಪಡಸಾಲೆಯ ಕಂಬಕ್ಕೆ ಒರಗಿ, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯನ್ನು ಅದರ ಕತ್ತಿನ ಉದ್ದಕ್ಕೆ ಜಾರಿಸಿದೆ. ಅಂಗೈಗೆ ಸಾಲಾಗಿ ಚುಚ್ಚಿತು. ಬೆಂಗಳೂರಿನಲ್ಲಿ ಬೆಣ್ಣೆ ಸವರಿದಂತಿದ್ದ ಕತ್ತು ಇಲ್ಲಿ ಗರಗಸವಾಗಿತ್ತು! ದಪ್ಪ ತಂತಿ ಮೀಟಿದರೆ ಬಾಟಲಿಯೊಳಗೆ ಸಿಕ್ಕಿಬಿದ್ದ ದುಂಬಿಯ ಹಾಗೆ ಝುಯ್ ಎನ್ನುವ ಸದ್ದು. ಬಿದ್ದಿಲ್ಲ, ಯಾರೂ ಮುಟ್ಟಿಲ್ಲ, ಮಂಚದ ಕೆಳಗೆ ಚೀಲದೊಳಗೇ ಮಲಗಿತ್ತು. ಎಂಟು ರಾತ್ರಿಯಲ್ಲಿ ಏನಾಯಿತು ಇದಕ್ಕೆ?

ಉತ್ತರ ಹುಡುಕಿಕೊಂಡು ಹೊರಟವನು ಕುರಿಯ ಕರುಳು, ರೇಷ್ಮೆಯ ಎಳೆ, ಹುಣಸೆ ಬೀಜದ ಅಂಟು, ಅಶೋಕನ ಬಂಡೆ, ಸಿ.ವಿ. ರಾಮನ್ ಎಲ್ಲವನ್ನೂ ಹಾದು ಮೊಳಕಾಲ್ಮೂರಿನ ಒಂದು ಭಜನೆ ಮನೆಯ ಹಲಗೆಯ ಮೇಲೆ ಹೋಗಿ ಕೂರುತ್ತೀಯ ಎಂದು ಆ ಬೆಳಿಗ್ಗೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಮೊದಲು ಹಲ್ಲಿನ ಗುಟ್ಟು. ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಒಂದು. ಮಾರ್ಚ್ ತಿಂಗಳ ಗಾಳಿ ಇಲ್ಲಿ ಹಗ್ಗಕ್ಕೆ ಹಾಕಿದ ಬಟ್ಟೆಯನ್ನು ನೀವು ತಿರುಗಿ ನೋಡುವಷ್ಟರಲ್ಲಿ ಒಣಗಿಸಿರುತ್ತದೆ. ಮರವೋ, ಕಡಿದು ಹಲಗೆ ಮಾಡಿದ ಮೇಲೂ ಗಾಳಿಯ ತೇವವನ್ನು ಕುಡಿಯುತ್ತಲೇ ಇರುತ್ತದೆ, ಬಿಡುತ್ತಲೇ ಇರುತ್ತದೆ. ಕುಡಿದಾಗ ಅಡ್ಡಕ್ಕೆ ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳಿವೆಯಲ್ಲ, ಫ್ರೆಟ್ಟುಗಳು, ಅವು ಜಪ್ಪಯ್ಯ ಎಂದರೂ ಕುಗ್ಗುವುದಿಲ್ಲ. ಅಂದರೆ ಹಲ್ಲು ಹೊರಗೆ ಬಂದಿರಲಿಲ್ಲ, ವಸಡು ಒಳಗೆ ಹೋಗಿತ್ತು! ಎದೆಯ ಹಲಗೆಯೂ ಒಣಗಿ ಕೂದಲೆಳೆಯಷ್ಟು ತಗ್ಗಿತ್ತು, ಅದರ ಜತೆ ತಂತಿಗಳೂ ತಗ್ಗಿ ಫ್ರೆಟ್ಟಿಗೆ ತಾಗಿ ದುಂಬಿಯಾಗಿದ್ದವು. ಗಿಟಾರಿಗೆ ಹಿತವಾದ ಗಾಳಿಯಲ್ಲಿ ಶೇಕಡಾ 45ರಿಂದ 55ರಷ್ಟು ತೇವಾಂಶ ಇರಬೇಕು. ನಮ್ಮ ಪಡಸಾಲೆಯಲ್ಲಿ ಅದರ ಅರ್ಧವಾದರೂ ಇತ್ತೋ ಇಲ್ಲವೋ.

ಮದ್ದು ಸೋಪಿನ ಡಬ್ಬಿಯಲ್ಲಿ ಸಿಕ್ಕಿತು. ಪ್ಲಾಸ್ಟಿಕ್ ಡಬ್ಬಿಗೆ ದಬ್ಬಣ ಕಾಯಿಸಿ ಹತ್ತಾರು ತೂತು ಕೊರೆದು, ಒಳಗೆ ಪಾತ್ರೆ ತೊಳೆಯುವ ಸ್ಪಂಜನ್ನು ಒದ್ದೆ ಮಾಡಿ, ನೀರು ತೊಟ್ಟಿಕ್ಕದಂತೆ ಚೆನ್ನಾಗಿ ಹಿಂಡಿ ಇಟ್ಟು, ಗಿಟಾರಿನ ಪಕ್ಕ ಚೀಲದೊಳಗೆ ಮಲಗಿಸಿ ಜಿಪ್ ಎಳೆದೆ. ದಿನಾ ಸಂಜೆ ಸ್ಪಂಜು ಒಣಗಿರುತ್ತಿತ್ತು, ದಿನಾ ಮತ್ತೆ ಒದ್ದೆ ಮಾಡುತ್ತಿದ್ದೆ. "ಅದುಕ್ಕೂ ಬಾಯಾರಿಕಿ ಆಗ್ತೈತೇನೋ?" ಎಂದು ಚಿಕ್ಕಮ್ಮ ಸೆರಗು ಬಾಯಿಗಿಟ್ಟು ನಕ್ಕರು. ಐದನೇ ದಿನ ಚೀಲ ಬಿಚ್ಚಿ ಕೈ ಜಾರಿಸಿದೆ. ಹಲ್ಲು ಮಾಯ. ದುಂಬಿ ಮಾಯ. ಇಪ್ಪತ್ತು ವರ್ಷದಿಂದ ಮರದ ಪೆಟ್ಟಿಗೆ ಎಂದುಕೊಂಡಿದ್ದದ್ದು ನೀರು ಕುಡಿದು ಸುಧಾರಿಸಿಕೊಂಡು ಎದ್ದು ಕೂತಿತ್ತು!

ಇಷ್ಟಾಗುವ ಹೊತ್ತಿಗೆ ಚಿಕ್ಕಮ್ಮನ ಮೊಮ್ಮಗ, ಎಂಟನೇ ಕ್ಲಾಸಿನ ಹುಡುಗ, ತನಗೂ ಗಿಟಾರು ಬೇಕೆಂದು ಹಟ ಹಿಡಿದಿದ್ದ. ಫೋನಿನಲ್ಲಿ ಬಣ್ಣ ನೋಡಿ ಆರಿಸುತ್ತಿದ್ದ. ನೀಲಿಯದು ಚೆಂದವೋ ಕೆಂಪಿನದು ಚೆಂದವೋ ಎಂಬುದೇ ಅವನ ದೊಡ್ಡ ಪ್ರಶ್ನೆ.

ಅವನನ್ನು ಕರೆದುಕೊಂಡು ಊರಾಚೆ ತಿರುಗಾಡಲು ಹೋದ ಸಂಜೆ ಎಲ್ಲ ಶುರುವಾಯಿತು. ಚಳ್ಳಕೆರೆ ಎಂದರೆ ಹೊರಗಿನವರಿಗೆ ಶೇಂಗಾ, ಎಣ್ಣೆ ಮಿಲ್ಲು. ಬಲ್ಲವರಿಗೆ ಕಂಬಳಿ. ಒಂದು ಮನೆಯ ಮುಂದೆ ಬೀದಿಯುದ್ದಕ್ಕೂ ಕರಿ ಉಣ್ಣೆಯ ಹಾಸು ಎಳೆದು ಕಟ್ಟಿದ್ದರು. ಹಾಸು ಎಂದರೆ ಮಗ್ಗಕ್ಕೆ ಏರುವ ಉದ್ದದ ನೂಲು, ಅಡ್ಡಕ್ಕೆ ಓಡುವುದು ಹೊಕ್ಕು. ಹುಣಸೆ ಬೀಜ ಅರೆದು ಕುದಿಸಿದ ಸರಿಯನ್ನು ಹಾಸಿನ ಮೇಲೆ ಬಳಿದು ಒಣಗಲು ಬಿಟ್ಟಿದ್ದರು. ಉಣ್ಣೆಯ ಎಳೆ ಮೆತ್ತಗೆ, ನುಣ್ಣಗೆ, ಮಗ್ಗದ ಎಳೆದಾಟಕ್ಕೆ ಹರಿದುಹೋಗುತ್ತದೆ. ಹುಣಸೆ ಸರಿ ಕುಡಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಮನೆಯ ಯಜಮಾನರು ಹಾಸಿನ ಬದಿಯಲ್ಲಿ ನಡೆಯುತ್ತ, ಅಲ್ಲೊಂದು ಕಡೆ ಇಲ್ಲೊಂದು ಕಡೆ ನೂಲನ್ನು ತೋರುಬೆರಳಿನಿಂದ ಮೀಟಿ, ತಲೆ ಓರೆ ಮಾಡಿ, ಮುಂದಕ್ಕೆ ಹೋಗುತ್ತಿದ್ದರು.

ಮೀಟಿ! ತಲೆ ಓರೆ ಮಾಡಿ!

"ಯಜಮಾನ್ರೇ, ಏನು ಕೇಳ್ತಿದೀರಿ?" ಎಂದೆ. "ಕೇಳಾದೇನ್ ಬಂತು ಸ್ವಾಮಿ, ಬಿಗಿ ನೋಡ್ತಿದೀನಿ. ಸಡ್ಲ ಇದ್ರೆ ಬೆರಳಿಗೆ ಸತ್ತಂಗೆ ತಾಕ್ತೈತೆ" ಎಂದು ನನ್ನ ಬೆನ್ನ ಚೀಲದ ಕಡೆ ಕಣ್ಣು ಹಾಯಿಸಿ, "ಅದ್ರಾಗೇನ್ ಐತೆ, ಹೆಣ ಹೊತ್ಕಂಡಂಗೆ ಹೊತ್ಕಂಡಿದೀರಲ್ಲ" ಎಂದರು. ತೆಗೆದು ಕೊಟ್ಟೆ. ಅವರು ಅದನ್ನು ಹಾಸಿನ ಹಾಗೆಯೇ ನೋಡಿದರು. ಒಂದು ತುದಿಯಲ್ಲಿ ಬಿಗಿ ಮಾಡುವ ಕಿವಿ, ಇನ್ನೊಂದು ತುದಿಯಲ್ಲಿ ಕಟ್ಟಿದ ಗಂಟು, ನಡುವೆ ಆರು ಎಳೆ. "ಹಾಸು ಐತೆ, ಹೊಕ್ಕಿಲ್ಲ" ಎಂದು ತೀರ್ಪು ಕೊಟ್ಟರು.

ಆ ಮಾತು ನನ್ನನ್ನು ನಿಂತಲ್ಲೇ ನಿಲ್ಲಿಸಿತು. ಸಂಸ್ಕೃತದಲ್ಲಿ ತನ್ ಎಂದರೆ ಎಳೆದು ಹಿಗ್ಗಿಸು. ಅದರಿಂದ ತಂತು, ಅಂದರೆ ನೂಲು. ಅದರಿಂದಲೇ ತಂತ್ರೀ, ಅಂದರೆ ವೀಣೆಯ ತಂತಿ. ಅದರಿಂದಲೇ ತಂತ್ರ, ಅದರ ಹಳೆಯ ಅರ್ಥಗಳಲ್ಲಿ ಒಂದು ಮಗ್ಗ! ನೇಯುವವನು ತಂತುವಾಯ. ನಮ್ಮ ತಂತಿ ಇದೇ ಮನೆತನದ ಕೂಸು. ನೇಕಾರನನ್ನೂ ವೈಣಿಕನನ್ನೂ ಭಾಷೆ ಒಂದೇ ಪಂಕ್ತಿಯಲ್ಲಿ ಕೂರಿಸಿ ಸಾವಿರಾರು ವರ್ಷಗಳಾಗಿವೆ, ನಾನು ಈ ಬೀದಿಯಲ್ಲಿ ಈವತ್ತು ನೋಡುತ್ತಿದ್ದೇನೆ.

ರಾತ್ರಿ ನಿದ್ದೆ ಬರಲಿಲ್ಲ. ಅಂಗಳದಲ್ಲಿ ಮಲಗಿ ನಕ್ಷತ್ರ ನೋಡುತ್ತ ಒಂದೊಂದೇ ಕೊಂಡಿ ಸಿಕ್ಕಿಸುತ್ತ ಹೋದೆ. ಈ ಉಣ್ಣೆ ಕುರಿಯದು. ಗಿಟಾರಿನ ತಂತಿ ಯಾತರದು? ಈಗ ಉಕ್ಕು, ಕಂಚು, ನೈಲಾನ್. ಅದಕ್ಕೂ ಮುಂಚೆ?

ಕುರಿಯದೇ!

ಹೌದು, ಕುರಿಯ ಸಣ್ಣ ಕರುಳು. ಯುರೋಪಿನಲ್ಲಿ ನೂರಾರು ವರ್ಷ ಪಿಟೀಲು, ಗಿಟಾರು, ಹಾರ್ಪ್ ಎಲ್ಲದರ ಜೀವ ಅದರ ಮೇಲೇ ನಿಂತಿತ್ತು. ಕರುಳನ್ನು ತೊಳೆದು, ಕೊಬ್ಬು ಮಾಂಸ ಕೆರೆದು, ತೆಳ್ಳನೆಯ ಪಟ್ಟಿಗಳಾಗಿ ಸೀಳಿ, ಹಲವು ಪಟ್ಟಿ ಸೇರಿಸಿ ಹುರಿ ಮಾಡಿ, ಎಳೆದು ಕಟ್ಟಿ ಒಣಗಿಸಿ, ನಯ ಮಾಡುತ್ತಿದ್ದರು. ಇಂಗ್ಲಿಷಿನವರು ಅದಕ್ಕೆ ಬೆಕ್ಕಿನ ಕರುಳೆಂದು ಹೆಸರಿಟ್ಟರು, ಬೆಕ್ಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಇಟಲಿಯ ನಡುಗುಡ್ಡದ ಅಬ್ರೂಟ್ಸೋ ಸೀಮೆಯಲ್ಲಿ ಸಾಲೆ ಎಂಬ ಪುಟ್ಟ ಊರಿದೆ. ಕುರಿಗಾಹಿಗಳ ಸೀಮೆ, ಬೇಸಿಗೆಗೆ ಬೆಟ್ಟ, ಚಳಿಗೆ ಬಯಲು ಎಂದು ಹಿಂಡು ಹೊಡೆದುಕೊಂಡು ಅಲೆಯುವ ಜನ. ಆ ಊರಿನ ಮನೆಮನೆಯ ಕಸುಬು ಕರುಳಿನ ತಂತಿ ಮಾಡುವುದಾಗಿತ್ತು. ಅಲ್ಲಿಂದ 20ನೇ ಶತಮಾನದ ಆರಂಭದಲ್ಲಿ ಅಮೆರಿಕಕ್ಕೆ ಹೋದ ಡಿ'ಅಡಾರಿಯೋ ಮನೆತನದ ಹೆಸರು ಇವತ್ತು ಜಗತ್ತಿನ ಯಾವ ಗಿಟಾರ್ ಅಂಗಡಿಗೆ ಹೋದರೂ ತಂತಿಯ ಪೊಟ್ಟಣದ ಮೇಲಿದೆ. ನನ್ನ ಚೀಲದ ಜೇಬಿನಲ್ಲೂ ಒಂದು ಪೊಟ್ಟಣವಿತ್ತು. ಎದ್ದು ಟಾರ್ಚ್ ಬಿಟ್ಟು ನೋಡಿದೆ. ಕುರಿ ಕಾಯುವ ಊರಿನ ಹೆಸರು, ಕುರಿ ಕಾಯುವ ಊರಿನಲ್ಲಿ, ನಡುರಾತ್ರಿ!

ಇನ್ನೊಂದು ಕೊಂಡಿ ಉಳಿದಿತ್ತು, ಅದೇ ದೊಡ್ಡದು. ಗಿಟಾರಿನ ಈಗಿನ ಆಕಾರವನ್ನು ನಿಲ್ಲಿಸಿದವನು ಸ್ಪೇನಿನ ಆಂಟೋನಿಯೋ ಟೊರೆಸ್ (1817–1892). ಅವನ ಕಾಲದ ಗಿಟಾರಿನಲ್ಲಿ ತೆಳು ತಂತಿ ಮೂರು ಕುರಿಯ ಕರುಳು. ದಪ್ಪ ತಂತಿ ಮೂರೂ ಬೇರೆ. ಕರುಳನ್ನು ಅಷ್ಟು ದಪ್ಪ ಹುರಿ ಮಾಡಿದರೆ ದನಿ ಮಂಕಾಗುತ್ತದೆ. ಅದಕ್ಕೆ ಅವರು ಕಂಡುಕೊಂಡ ಉಪಾಯ, ಒಳಗೆ ರೇಷ್ಮೆಯ ಎಳೆಗಳ ಕಂತೆ, ಅದರ ಸುತ್ತ ಬೆಳ್ಳಿ ಲೇಪದ ತಾಮ್ರದ ಸಣ್ಣ ತಂತಿ ಬಿಗಿಯಾಗಿ ಸುತ್ತುವುದು. ಒಳಗಿನ ರೇಷ್ಮೆ ಭಾರ ಹೊರುತ್ತದೆ, ಹೊರಗಿನ ತಾಮ್ರ ತೂಕ ಕೊಡುತ್ತದೆ.

ಮೂರು ಕುರಿ, ಮೂರು ರೇಷ್ಮೆ. ಕುರಿ ಇರುವುದು ಚಳ್ಳಕೆರೆಯಲ್ಲಿ. ರೇಷ್ಮೆ ಸೀರೆ ನೇಯುವುದು ಪಕ್ಕದ ತಾಲ್ಲೂಕು ಮೊಳಕಾಲ್ಮೂರಿನಲ್ಲಿ. ಟೊರೆಸನ ಗಿಟಾರಿನ ಆರೂ ತಂತಿಗಳ ಪದಾರ್ಥ ಒಂದೇ ಬಸ್ಸಿನ ದಾರಿಯಲ್ಲಿ ಬಿದ್ದಿದೆ! ಎರಡನೇ ಮಹಾಯುದ್ಧದಲ್ಲಿ ಕರುಳು ಗಾಯ ಹೊಲಿಯಲು ಹೋಯಿತು, ರೇಷ್ಮೆ ಪ್ಯಾರಾಚೂಟಿಗೆ ಹೋಯಿತು, ತಂತಿಗೆ ಬರ ಬಂತು. ಆಗ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನ್, ಗಿಟಾರ್ ವಾದಕ ಸೆಗೋವಿಯಾನ ಬೆಂಬಲದಿಂದ, ನೈಲಾನ್ ದಾರವನ್ನು ತಂತಿ ಮಾಡಿದ. ಕುರಿಗೂ ಹುಳಕ್ಕೂ ಅಲ್ಲಿಗೆ ಬಿಡುಗಡೆ. ಬೆಳಗಾಗುವುದನ್ನೇ ಕಾಯುತ್ತ ಮಲಗಿದೆ.

ಹುಡುಗನಿಗೆ ಮಾರನೆಯ ದಿನ ಗಿಟಾರ್ ಆರಿಸುವ ಪಾಠ. ಬಣ್ಣದ ಹುಚ್ಚು ಬಿಡಿಸಲು ಟೊರೆಸನದೇ ಇನ್ನೊಂದು ಕಥೆ ಹೇಳಿದೆ. 1862ರಲ್ಲಿ ಅವನೊಂದು ಗಿಟಾರು ಮಾಡಿದ, ಬೆನ್ನು ಮತ್ತು ಪಕ್ಕೆ ಪೂರ್ತಿ ರಟ್ಟಿನದು. ಎದೆಯ ಹಲಗೆ ಮಾತ್ರ ಒಳ್ಳೆಯ ಮರ. ದನಿ ಹುಟ್ಟುವುದು ಎದೆಯಲ್ಲಿ ಎಂದು ತೋರಿಸಲು ಮಾಡಿದ ಕೆಲಸ ಅದು, ಈಗಲೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಆದ್ದರಿಂದ ಮಗೂ, ದುಡ್ಡು ಕಡಿಮೆ ಇದ್ದರೆ ಬೆನ್ನು ಹೇಗಾದರೂ ಇರಲಿ, ಎದೆಯ ಹಲಗೆ ಮಾತ್ರ ಪದರ ಅಂಟಿಸಿದ್ದಾಗದೆ ಒಂದೇ ಮರದ್ದಾಗಿರಲಿ. ಸದ್ದಿನ ತೂತಿನ ಅಂಚನ್ನು ನೋಡು. ಮೇಲಿನ ಗೆರೆಗಳೇ ಅಂಚಿನಲ್ಲಿ ಕೆಳಕ್ಕೆ ಇಳಿದಿದ್ದರೆ ಒಂದೇ ಹಲಗೆ, ರೊಟ್ಟಿಯ ಪದರದ ಹಾಗೆ ಕಂಡರೆ ಪ್ಲೈವುಡ್.

ಕತ್ತನ್ನು ಬಡಗಿ ತೊಲೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ತುದಿಯಿಂದ ನೋಡಬೇಕು. ತಿರುಚಿದ್ದರೆ ಅಲ್ಲೇ ಕೈಮುಗಿದು ಬರಬೇಕು. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲಿ ಒತ್ತಿ ಮೀಟಬೇಕು, ಅಂಗಡಿಯವನು ಗೊಣಗಿದರೂ. ಉಕ್ಕಿನ ತಂತಿಯ ಗಿಟಾರಾದರೆ ಹನ್ನೆರಡನೇ ಫ್ರೆಟ್ಟಿನ ಹತ್ತಿರ ತಂತಿ ಎರಡು, ಎರಡೂವರೆ ಮಿಲಿಮೀಟರಿಗಿಂತ ಬಹಳ ಎತ್ತರ ನಿಂತಿದ್ದರೆ ಎಳೆಯ ಬೆರಳು ಒಂದು ವಾರದಲ್ಲಿ ಸೋಲುತ್ತವೆ, ಗಿಟಾರು ಅಟ್ಟ ಸೇರುತ್ತದೆ.

ಆ ಹನ್ನೆರಡನೇ ಫ್ರೆಟ್ಟಿನ ಹತ್ತಿರ ಹುಡುಗ ಬಾಯಿ ಬಿಟ್ಟದ್ದನ್ನು ನಾನು ಮರೆಯಲಾರೆ. ಕ್ಲಾಸಿಕಲ್ ಗಿಟಾರಿನ ತಂತಿಯ ಉದ್ದ ಸಾಮಾನ್ಯವಾಗಿ 650 ಮಿಲಿಮೀಟರ್. ಹನ್ನೆರಡನೇ ಫ್ರೆಟ್ಟು ಸರಿಯಾಗಿ 325ರಲ್ಲಿ, ನಡುಮಧ್ಯೆ. ಅಲ್ಲಿ ಒತ್ತದೆ, ಬೆರಳನ್ನು ತಂತಿಯ ಮೇಲೆ ನೊಣ ಕೂತಷ್ಟು ಹಗುರ ಇಟ್ಟು ಮೀಟಿ ತಟಕ್ಕನೆ ತೆಗೆದರೆ ಗಂಟೆಯಂಥ ದನಿ ಏಳುತ್ತದೆ. ಸ್ಕೇಲು ತಂದು ಅಳೆದ. ಏಳನೆಯ ಫ್ರೆಟ್ಟಿನ ಹತ್ತಿರ ಮೂರನೇ ಒಂದು ಭಾಗ, ಐದನೆಯದರ ಹತ್ತಿರ ನಾಲ್ಕನೇ ಒಂದು ಭಾಗ, ಅಲ್ಲೂ ಗಂಟೆ. "ಮಾಮ, ಭಿನ್ನರಾಶಿ ಸದ್ದು ಮಾಡ್ತೈತೆ!" ಎಂದು ಕೂಗಿದ. ಅವನ ಲೆಕ್ಕದ ಮೇಷ್ಟರು ಕೇಳಬೇಕಿತ್ತು. (ಒಳ್ಳೆಯ ಗಿಟಾರಿನಲ್ಲಿ ಹನ್ನೆರಡರ ಆ ಗಂಟೆಯ ದನಿ, ಅಲ್ಲೇ ಒತ್ತಿ ಮೀಟಿದ ದನಿ ಎರಡೂ ಒಂದೇ ಆಗಿರಬೇಕು. ವ್ಯತ್ಯಾಸ ಕಿವಿಗೆ ಬಿದ್ದರೆ ಕೊಳ್ಳಬೇಡಿ.)

ಮರದ ಹೆಸರು ಓದುವಾಗ ಇನ್ನೊಂದು ಬೆರಗು. ಬೆಲೆಬಾಳುವ ಗಿಟಾರುಗಳ ವಿವರದಲ್ಲಿ "ಇಂಡಿಯನ್ ರೋಸ್‌ವುಡ್" ಎಂದಿರುತ್ತದಲ್ಲ, ಅದು ನಮ್ಮ ಬೀಟೆ. ಬ್ರೆಜಿಲ್ ದೇಶದ ಬೀಟೆ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ತಿರುಗಿತು. ಅಲ್ಲಿಂದೀಚೆಗೆ ಜಗತ್ತಿನ ಎಷ್ಟೋ ವೇದಿಕೆಗಳಲ್ಲಿ ಹಾಡುಗಾರರು ಹೊಟ್ಟೆಗೆ ಆನಿಸಿಕೊಂಡಿರುವುದು ಪಶ್ಚಿಮಘಟ್ಟದ ಕಾಡಿನ ಜಾತಿಯ ಮರವನ್ನು. ಚಿಕ್ಕಮ್ಮ ತಮ್ಮ ಹಳೆಯ ಬೀಟೆ ಮಂಚವನ್ನು ಅವತ್ತು ಎರಡು ಸಲ ಒರೆಸಿದರು.

ಆರೈಕೆಯ ಪಾಠ ಚಿಕ್ಕದು. ನುಡಿಸಿದ ಮೇಲೆ ಬೆವರು ಒರೆಸು. ಎಲ್ಲ ತಂತಿ ಸೇರಿ ಉಕ್ಕಿನ ಗಿಟಾರನ್ನು ಎಳೆಯುವ ಬಲ ಸುಮಾರು 70 ಕೆ.ಜಿ., ಒಬ್ಬ ಆಳು ಜೋತುಬಿದ್ದಷ್ಟು. ಅದನ್ನು ತಡೆದು ನಿಂತಿರುವ ಎದೆಯ ಹಲಗೆ ಬರೀ ಮೂರು ಮಿಲಿಮೀಟರ್ ದಪ್ಪ! ನೈಲಾನಿನದು ಇದರ ಅರ್ಧಕ್ಕಿಂತ ಚೂರು ಹೆಚ್ಚು ಅಷ್ಟೆ, ಆದ್ದರಿಂದ ನೈಲಾನ್ ಗಿಟಾರಿಗೆ ಉಕ್ಕು ಕಟ್ಟುವುದು ಎಳೆಗರುವಿಗೆ ನೇಗಿಲು ಹೂಡಿದ ಹಾಗೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ, ಬಸ್ಸಿನ ಟಾಪಿನ ಮೇಲೆ ಬಿಡಬೇಡ, ಅಂಟು ಕರಗುತ್ತದೆ. ಮತ್ತೆ, ಎಣ್ಣೆಯ ಊರಲ್ಲಿದ್ದೇವೆಂದು ಫ್ರೆಟ್ಟಿನ ಹಲಗೆಗೆ ಶೇಂಗಾ ಎಣ್ಣೆ ಸವರಬೇಡ. ಮಿಲ್ಲಿನಲ್ಲಿ ಕೆಲಸ ಮಾಡುವ ನೆಂಟರೊಬ್ಬರು ತುಂಬು ಪ್ರೀತಿಯಿಂದ ಅರ್ಧ ಲೀಟರ್ ಕೊಡಲು ಬಂದಿದ್ದರು. ಅದು ಪೂರ್ತಿ ಒಣಗುವುದಿಲ್ಲ, ಧೂಳು ಹಿಡಿದು ಜಿಗುಟಾಗುತ್ತದೆ, ಕಮಟು ನಾರುತ್ತದೆ. ಒಗ್ಗರಣೆಗೆ ಬಳಸಿದೆವು.

ಭಾನುವಾರ ಮೊಳಕಾಲ್ಮೂರಿನ ಬಸ್ಸು ಹತ್ತಿದೆವು, ನಾನು, ಹುಡುಗ, ಗಿಟಾರು. ತಳಕು ದಾಟಿ, ಹಾನಗಲ್ ಕ್ರಾಸಿನಲ್ಲಿ ಬಲಕ್ಕೆ ತಿರುಗುವ ದಾರಿ. ಬಂಡೆಗಳ ಗುಡ್ಡ ಒಂದರ ಹಿಂದೊಂದು ಎದ್ದು ಬರುತ್ತವೆ. ಈ ಸೀಮೆ ವಾದ್ಯಗಳ ಉಗ್ರಾಣ. ಕಾಡುಗೊಲ್ಲರ ಹಟ್ಟಿಯಲ್ಲಿ ಜುಂಜಪ್ಪನ ಕಾವ್ಯ ಹಾಡುವಾಗ ಊದುವ ಉದ್ದನೆಯ ಗಣೆ, ಮ್ಯಾಸಬೇಡರ ದೇವರ ಮುಂದೆ ನರಳುವ ಉರುಮೆ. ಉರುಮೆಯ ಒಂದು ಮುಖಕ್ಕೆ ಬಾರಿಸುತ್ತಾರೆ, ಇನ್ನೊಂದು ಮುಖಕ್ಕೆ ಬಾಗಿದ ಕೋಲನ್ನು ಒತ್ತಿ ಉಜ್ಜುತ್ತಾರೆ. ಪಿಟೀಲಿನ ಕಮಾನು ತಂತಿಗೆ ಮಾಡುವುದನ್ನೇ ಇಲ್ಲಿ ಕೋಲು ಚರ್ಮಕ್ಕೆ ಮಾಡುತ್ತದೆ! ಇದೇ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ನಾಡೋಜ ಸಿರಿಯಜ್ಜಿಗೆ ಮಾತ್ರ ಇದಾವುದೂ ಬೇಕಿರಲಿಲ್ಲ. ಸಾವಿರಾರು ಪದಗಳನ್ನು ಆಕೆ ಬರೀ ನೆನಪಿನಿಂದ, ಬರೀ ಗಂಟಲಿನಿಂದ ಹಾಡಿದಾಕೆ.

ಚೌಡಿಕೆಯ ಮಾತು ಬಿಡುವಂತಿಲ್ಲ. ಎಲ್ಲಮ್ಮನ ಜೋಗತಿಯರ ವಾದ್ಯ, ಬಳ್ಳಾರಿ ಕಡೆಯಿಂದ ಇಲ್ಲಿಯವರೆಗೂ ಕೇಳುತ್ತದೆ. ಕೊಳಗದಂಥ ಮರದ ಹೊಟ್ಟೆ, ಒಂದು ಬಾಯಿಗೆ ಚರ್ಮ, ಚರ್ಮದ ನಡುವಿನಿಂದ ಹೊರಟ ಒಂದೇ ಒಂದು ತಂತಿ. ಕಂಕುಳಲ್ಲಿ ಇರುಕಿಕೊಂಡು ಮೀಟುತ್ತಾರೆ, ತಂತಿಯನ್ನು ಜಗ್ಗಿ ಸಡಿಲಿಸಿ ದನಿಯನ್ನು ಏರಿಸಿ ಇಳಿಸುತ್ತಾರೆ. ಎಲೆಕ್ಟ್ರಿಕ್ ಗಿಟಾರಿಗೆ ದನಿ ಬಾಗಿಸಲು ಒಂದು ಲೋಹದ ಸನ್ನೆ ಜೋಡಿಸಿರುತ್ತಾರೆ, ಹುಡುಗರು ಅದನ್ನು ಅಲುಗಾಡಿಸಿ ಹಿಗ್ಗುತ್ತಾರೆ. ಜೋಗತಿಗೆ ತೋಳೇ ಸಾಕು.

ಇನ್ನೂ ಹಿಂದಕ್ಕೆ ಹೋದರೆ ಕಿನ್ನರಿ. 12ನೇ ಶತಮಾನದ ಶರಣ ಕಿನ್ನರಿ ಬೊಮ್ಮಯ್ಯನ ಹೆಸರಲ್ಲೇ ಅದಿದೆ. ಸೋರೆ ಬುರುಡೆಗಳ ಮೇಲೆ ದಂಡಿ, ದಂಡಿಯ ಮೇಲೆ ಮೆಟ್ಟಿಲು. 13ನೇ ಶತಮಾನದ ಶಾರ್ಙ್ಗದೇವ ತನ್ನ ಸಂಗೀತ ರತ್ನಾಕರದಲ್ಲಿ ಆ ಮೆಟ್ಟಿಲಿಗೆ ರಣಹದ್ದಿನ ಮೂಳೆಯನ್ನು ಹೇಳುತ್ತಾನೆ! ಅವನ್ನು ಕೂರಿಸುವುದು ಮೇಣದಲ್ಲಿ. ಇವತ್ತಿಗೂ ನಮ್ಮ ವೀಣೆಯ 24 ಮೆಟ್ಟಿಲು ನಿಂತಿರುವುದು ಮೇಣದ ಮೇಲೇ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರ ಕೊರೆದು ವೀಣೆ ಮಾಡುವ ಮನೆಗಳಿವೆ. ಅಂಥ ವೀಣೆಯನ್ನು ಚಳ್ಳಕೆರೆಯ ಏಪ್ರಿಲ್ ಬಿಸಿಲಿಗೆ ತಂದರೆ ಮೇಣ ಮೆತ್ತಗಾಗಿ ಸ್ವರವೇ ನಡೆದಾಡಬಹುದು. ಬಸವಣ್ಣನವರು ತಮ್ಮ ಮೈಯನ್ನೇ ವಾದ್ಯ ಮಾಡೆಂದು ಬೇಡುವ ವಚನ ಎಲ್ಲರಿಗೂ ಗೊತ್ತು. ಅದನ್ನು ಭಕ್ತಿಯಿಂದ ಓದಿದ್ದೆ, ಬಡಗಿಯ ಕಣ್ಣಿಂದ ಓದಿರಲಿಲ್ಲ. ದಂಡಿ ಯಾವುದು, ಬುರುಡೆ ಯಾವುದು, ತಂತಿ ಯಾವುದು, ಎದೆಗೆ ಹೇಗೆ ಆನಿಸಬೇಕು, ಎಲ್ಲ ಅದರಲ್ಲಿದೆ. ಬುರುಡೆಯ ಬಾಯನ್ನು ಎದೆಗೆ ಒತ್ತಿ, ಸಡಿಲಿಸಿ ದನಿ ತಿದ್ದುವ ವೀಣೆಗಳು ಆ ಕಾಲಕ್ಕೆ ನಿಜವಾಗಿಯೂ ಇದ್ದವು.

ಮೊಳಕಾಲ್ಮೂರಿನಲ್ಲಿ ಮಗ್ಗ ನೋಡುವ ಮೊದಲು ಸಿದ್ದಾಪುರ, ಬ್ರಹ್ಮಗಿರಿ ನೋಡದೆ ಹೇಗೆ ಹೋಗುವುದು? 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇಲ್ಲಿ ಅಶೋಕನ ಶಾಸನಗಳನ್ನು ಕಂಡರು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಹತ್ತಿರ ಹತ್ತಿರ ಮೂರು ಕಡೆ. ಬರೆದವನು ಚಪಡ. ಬ್ರಾಹ್ಮಿಯಲ್ಲಿ ಎಲ್ಲ ಬರೆದು, ಲಿಪಿಕಾರ ಎಂಬ ಮಾತನ್ನು ಮಾತ್ರ ವಾಯವ್ಯ ದಿಕ್ಕಿನ ದೂರದ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಗೀಚಿ ತನ್ನ ಗುರುತು ಬಿಟ್ಟಿದ್ದಾನೆ. ಶಾಸನದಲ್ಲಿ ಅಶೋಕ ಹೇಳುವುದು ತನ್ನ ಸಾಧನೆಯ ಬಗ್ಗೆ. ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಮೊದಲು ಹೆಚ್ಚು ಶ್ರಮಪಡಲಿಲ್ಲ, ಸಂಘವನ್ನು ಸೇರಿ ಒಂದು ವರ್ಷಕ್ಕೂ ಮೇಲಾಯಿತು, ಈಗ ತುಂಬ ಶ್ರಮಪಡುತ್ತಿದ್ದೇನೆ ಎಂಬ ಅರ್ಥದ ಮಾತು.

ಕಬ್ಬಿಣದ ಕಟಕಟೆಯ ಆಚೆ ನಿಂತು ಹುಡುಗನಿಗೆ ಇದನ್ನು ವಿವರಿಸುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿದೆ. ಶ್ರಮ ಎಷ್ಟಿರಬೇಕೆಂದು ಬುದ್ಧ ಒಬ್ಬ ಭಿಕ್ಷುವಿಗೆ ಹೇಳಿದ್ದು ನೆನಪಾಯಿತು. ಸೋಣ ಎಂಬವನು, ಮನೆಯಲ್ಲಿದ್ದಾಗ ವೀಣೆ ನುಡಿಸುತ್ತಿದ್ದವನು, ಅಂಗಾಲು ಒಡೆಯುವ ತನಕ ನಡೆದು ಸಾಧನೆ ಮಾಡಿ ಬೇಸತ್ತಿದ್ದ. ಬುದ್ಧ ಅವನನ್ನು ಕೇಳಿದ್ದು ತಂತಿಯ ಬಗ್ಗೆ: ಅತಿ ಬಿಗಿಯಾದರೆ ನುಡಿಯುತ್ತಿತ್ತೇ, ಅತಿ ಸಡಿಲಾದರೆ ನುಡಿಯುತ್ತಿತ್ತೇ? ಶ್ರಮದ ಶಾಸನದ ಎದುರು, ಚಳ್ಳಕೆರೆಯ ಯಜಮಾನರ ತೋರುಬೆರಳು ಕಣ್ಣಿಗೆ ಕಟ್ಟಿತು. ಬಿಗಿ ನೋಡ್ತಿದೀನಿ ಸ್ವಾಮಿ. ಬಿಸಿಲು ನೆತ್ತಿ ಸುಡುತ್ತಿತ್ತು, ಮೈ ಜುಮ್ಮೆಂದಿತು.

ಮೊಳಕಾಲ್ಮೂರಿನಲ್ಲಿ ಪರಿಚಯದವರ ಮನೆಯ ಮಗ್ಗದ ಕೋಣೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಸೀರೆಯ ಊರು ಇದು. ಗುಣಿಯಲ್ಲಿ ಕಾಲಿಳಿಬಿಟ್ಟು ಕೂತ ನೇಕಾರರು, ಎದುರಿಗೆ ನೇರಳೆ ಬಣ್ಣದ ಸಾವಿರಾರು ಎಳೆ, ಒಂದೊಂದೂ ಕಣ್ಣಿಗೆ ಕಾಣದಷ್ಟು ಸಣ್ಣ, ಒಂದೊಂದೂ ಬಿಗಿ. ಲಾಳಿ ಓಡುತ್ತದೆ, ಹಲಗೆ ಬಡಿಯುತ್ತದೆ, ತಾಳ ತಪ್ಪುವುದಿಲ್ಲ. ಅಲ್ಲಿ ನಾನು ನಮ್ಮ ಆರು ತಂತಿಯ ಕಥೆ ಹೇಳಿದೆ. ಅವರು ಲಾಳಿ ನಿಲ್ಲಿಸಿ ಕೇಳಿ, "ಹಂಗಾರೆ ಬರ್ರಿ, ನಿಮಗೊಂದು ತೋರಿಸ್ತೀನಿ" ಎಂದು ಹರಿದ ರೇಷ್ಮೆಯ ಒಂದು ಗೇಣು ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಎದ್ದರು.

ಹೋದದ್ದು ಪಕ್ಕದ ಓಣಿಯ ಭಜನೆ ಮನೆಗೆ. ಮೂಲೆಯ ಉದ್ದನೆಯ ಮರದ ಹಲಗೆಯ ಮೇಲೆ ಒಂದು ಹಳೆಯ ತಂಬೂರಿ. ಬುರುಡೆಗೆ ಬಿರುಕು ಬಿಟ್ಟ ಕಡೆ ಅರಗು ಮೆತ್ತಿದ್ದರು. ಅವರು ನಾಲ್ಕು ತಂತಿ ಮೀಟಿದರು. ಸರಿಯಾಗಿಯೇ ಇತ್ತು, ಸಪ್ಪೆಯಾಗಿತ್ತು. ಆಮೇಲೆ ಕುದುರೆಯ ಮೇಲೆ, ಕುದುರೆ ಎಂದರೆ ತಂತಿ ಹಾದುಹೋಗುವ ಅಗಲ ಮಣೆ, ಆ ರೇಷ್ಮೆಯ ಎಳೆಯನ್ನು ತಂತಿಯ ಅಡಿಗೆ ಸೇರಿಸಿ, ಮೀಟುತ್ತ ಮೀಟುತ್ತ ಅಕ್ಕಿಕಾಳಿನಷ್ಟು ಹಿಂದಕ್ಕೆ, ಸಾಸಿವೆಯಷ್ಟು ಮುಂದಕ್ಕೆ ಸರಿಸಿದರು.

ತಂಬೂರಿ ಕಣ್ಣು ತೆರೆಯಿತು! ಬೇರೆ ಮಾತು ನನಗೆ ಗೊತ್ತಿಲ್ಲ. ಒಂದೇ ತಂತಿಯೊಳಗಿಂದ ಒಂದರ ಮೇಲೊಂದು ದನಿ ಮಿಂಚುತ್ತ ಏಳತೊಡಗಿದವು, ನವಿಲು ಗರಿ ಬಿಚ್ಚಿದ ಹಾಗೆ. ಆ ಎಳೆಗೆ ನಮ್ಮಲ್ಲಿ ಜೀವಾಳ ಎನ್ನುತ್ತಾರೆ. 1920ರ ದಶಕದ ಆರಂಭದಲ್ಲಿ ಇದೇ ಸೋಜಿಗ ಸಿ.ವಿ. ರಾಮನ್ ಅವರನ್ನು ಹಿಡಿದಿತ್ತು. ತಂತಿಯನ್ನು ಯಾವ ಜಾಗದಲ್ಲಿ ಮೀಟಿದರೆ ಯಾವ ಉಪಸ್ವರ ಹುಟ್ಟಬಾರದೆಂದು ಯುರೋಪಿನ ನಿಯಮ ಹೇಳುತ್ತಿತ್ತೋ, ಆ ಉಪಸ್ವರವೇ ತಂಬೂರಿಯಲ್ಲೂ ವೀಣೆಯಲ್ಲೂ ಜೋರಾಗಿ ಕೇಳುತ್ತಿತ್ತು. ಕಾರಣ ಈ ಅಗಲ, ಬಾಗಿದ ಕುದುರೆ ಮತ್ತು ತಂಬೂರಿಯಲ್ಲಿ ಈ ಎಳೆ. ತಂತಿ ನಡುಗುವಾಗ ಪ್ರತಿ ಸಲ ಕುದುರೆಯನ್ನು ಸವರಿ ಸವರಿ ಹೋಗುತ್ತದೆ, ಆ ಸವರಿಕೆ ಹೊಸ ಹೊಸ ಉಪಸ್ವರಗಳನ್ನು ಎಬ್ಬಿಸುತ್ತದೆ. ಮುಂದೆ 1933ರಲ್ಲಿ ರಾಮನ್ ನಿರ್ದೇಶಕರಾಗಿ ಬಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಈಗ ಚಳ್ಳಕೆರೆಯ ಕುದಾಪುರದಲ್ಲೂ ಒಂದು ಆವರಣವಿದೆ. ರಾಮನ್ ಕೌತುಕಪಟ್ಟ ಕುದುರೆಗೆ ಮೊಳಕಾಲ್ಮೂರಿನ ಸೀರೆಯ ಎಳೆ!

ಗಿಟಾರಿನ ಕುದುರೆ ಕಿರಿದು, ಕತ್ತಿಯ ಬಾಯಿಯಂಥದು. ಜೀವಾಳ ಅಲ್ಲಿ ನಿಲ್ಲುವುದಿಲ್ಲ, ಹುಡುಗ ಪ್ರಯತ್ನಿಸಿ ಸೋತ. ಸುಮ್ಮನೆ ಗಿಟಾರಿನ ಐದನೇ ತಂತಿಯನ್ನು ತಂಬೂರಿಯ ಷಡ್ಜಕ್ಕೆ ಸೇರುವ ತನಕ ಬಿಗಿ ಮಾಡಲು ಹೇಳಿದೆ. ಅವನು ಕಿವಿ ತಿರುಗಿಸುತ್ತ, ತಲೆ ಓರೆ ಮಾಡಿ ಕೇಳಿದ. ಎರಡು ದನಿಯ ನಡುವಿನ ಅಲೆ ಮೊದಲು ಬಿರುಸಾಗಿ, ಆಮೇಲೆ ನಿಧಾನವಾಗಿ, ಕೊನೆಗೆ ಇಲ್ಲವಾಯಿತು. ಗಿಟಾರನ್ನು ಅದೇ ಹಲಗೆಯ ಮೇಲೆ ತಂಬೂರಿಯ ಪಕ್ಕ ಮಲಗಿಸಿದೆವು. ಬಸ್ ಟಿಕೆಟ್ಟಿನ ಮೂಲೆ ಹರಿದು, ಮಡಚಿ, ಆರು ತಂತಿಗಳ ಮೇಲೂ ಒಂದೊಂದು ಚೂರು ಸವಾರಿ ಕೂರಿಸಿದೆ. ನೇಕಾರರು ತಂಬೂರಿ ಮೀಟಿದರು. ಗಿಟಾರನ್ನು ಯಾರೂ ಮುಟ್ಟಲಿಲ್ಲ.

ಐದನೇ ತಂತಿಯ ಮೇಲಿನ ಕಾಗದ ನಡುಗಿತು. ಉಳಿದವು ಅಲ್ಲಾಡದೆ ಕೂತಿದ್ದವು. ಅದೊಂದೇ ನಡುಗಿ, ವಾಲಿ, ತಂತಿಯ ಮೇಲಿಂದ ಹಲಗೆಗೆ ಬಿತ್ತು. ಹುಡುಗ ಅದನ್ನು ಎತ್ತಿ ಮತ್ತೆ ಅಲ್ಲೇ ಕೂರಿಸಿ, "ಇನ್ನೊಂದ್ಸಲ ಮೀಟ್ರಿ, ತಾತ" ಎಂದ.